ಹುಳಿ ತಡವಾದ ಕಾರಣ

ಕಳೆದ ಯುಗಾದಿ ಊಟಕ್ಕೆ ಹುಳಿ ಮುಕ್ಕಾಲು ಗಂಟೆ ತಡವಾಗಿ ಬಂದದ್ದು ಸದಸ್ಯ ಬಾಂಧವರಿಗೆ ನೆನಪಿರಬಹುದು. ಕೋಸಂಬರಿ, ಹಪ್ಪಳ ಮುಗಿಸಿದ ಮಕ್ಕಳು ಎಲೆಯ ಮುಂದೆ ಕಾದು ಕುಳಿತಿದ್ದರು. ‘ಟ್ರಾಫಿಕ್ಕು’ ಎಂದು ಅಂದು ನಾವು ಹೇಳಿದ್ದು ಸುಳ್ಳು. ನಿಜ ಸಂಗತಿಯನ್ನು ಈಗ ಒಪ್ಪಿಸುತ್ತಿದ್ದೇವೆ.

ನಾವಿಬ್ಬರೂ ಹ್ಯೂಸ್ಟನ್ನಿನಲ್ಲಿ ಏರ್‌ಕಂಡಿಷನರ್ ರಿಪೇರಿಯಿಂದ ಜೀವನ ಸಾಗಿಸುವವರು. ಯಂತ್ರದ ಕೆಲಸ ಒಬ್ಬರದು, ಲೆಕ್ಕಪತ್ರ ಇನ್ನೊಬ್ಬರದು. ಸಂಘದ ಸಮಾರಂಭಗಳಿಗೆ ಪಾತ್ರೆಪಡಗ ಹೊರುವುದೂ ನಮ್ಮ ಕೆಲಸದ ವ್ಯಾನೇ. ತಾಮ್ರದ ಕೊಳವೆ ಬೆಸೆಯಲು ಟಾರ್ಚು ಹಚ್ಚಬೇಕಾದ್ದರಿಂದ, ಬೆಂಕಿ ಆರಿಸುವ ಸಿಲಿಂಡರು ಅದರಲ್ಲಿ ಯಾವಾಗಲೂ ಇರುತ್ತದೆ. ನಮ್ಮದು 5 ಪೌಂಡು ಪುಡಿ ತುಂಬಿದ್ದು. ಎ, ಬಿ, ಸಿ ಎಂಬ ಗುರುತಿನದು. ಅಂದರೆ ಮರ-ಕಾಗದ, ಪೆಟ್ರೋಲಿನಂಥ ದ್ರವ, ವಿದ್ಯುತ್ ಉಪಕರಣ ಮೂರರ ಬೆಂಕಿಗೂ ಆಗುವಂಥದು.

ಆ ಬೆಳಿಗ್ಗೆ ಹುಳಿ ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಸುತ್ತಿ, ನಾಲ್ಕೂ ಕಡೆ ಹಗ್ಗ ಬಿಗಿದು, ಸುತ್ತ ಹಳೆಯ ಕಂಬಳಿ ತುರುಕಿದೆವು. ಸಿಲಿಂಡರನ್ನು ಮಾತ್ರ ಎಂದಿನಂತೆ ಎರಡು ಸೀಟುಗಳ ನಡುವೆ ಸುಮ್ಮನೆ ನಿಲ್ಲಿಸಿದೆವು.

ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಅದು ಉರುಳಿ ಬ್ರೇಕ್ ಪೆಡಲಿನ ಅಡಿಗೆ ಸೇರಿತು. ಮುಂದೆ ಕೆಂಪು ದೀಪಕ್ಕೆ ಒಂದು ಕಾರು ನಿಂತಿತ್ತು; ಹಿಂದಿನ ಗಾಜಿನಲ್ಲಿ ಎರಡು ಪುಟ್ಟ ತಲೆಗಳು ಕಾಣುತ್ತಿದ್ದವು. ಬ್ರೇಕ್ ತುಳಿದರೆ ಪೆಡಲು ಅರ್ಧಕ್ಕೇ ಸಿಕ್ಕಿಕೊಂಡಿತು. ಒಬ್ಬರು ವ್ಯಾನನ್ನು ಪಕ್ಕದ ಹುಲ್ಲಿಗೆ ತಿರುಗಿಸಿದರು, ಇನ್ನೊಬ್ಬರು ಬಗ್ಗಿ ಸಿಲಿಂಡರಿನ ಕತ್ತು ಹಿಡಿದೆಳೆದರು. ಯಾರು ಯಾರನ್ನು ಬೈದರು ಎಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ವ್ಯಾನು ನಿಂತಾಗ ಆ ಕಾರು ನಮ್ಮಿಂದ ಒಂದು ಮಾರು ದೂರದಲ್ಲಿತ್ತು. ದೀಪ ಹಸಿರಾಯಿತು. ಏನೂ ಅರಿಯದ ಮಕ್ಕಳು ನಮ್ಮ ಕಡೆ ಕೈಬೀಸಿ ಹೊರಟುಹೋದರು. ಹಿಂದೆ ನೋಡಿದರೆ ಹುಳಿ ಒಂದು ತೊಟ್ಟೂ ಚೆಲ್ಲಿರಲಿಲ್ಲ. ಅದನ್ನು ಕಂಡು ನಮಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಕೈಕಾಲಿನ ನಡುಕ ನಿಲ್ಲಲು ಅರ್ಧ ಗಂಟೆ ಹಿಡಿಯಿತು.

ಈ ದೇಶದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡಾಡುವ ದೊಡ್ಡ ಟ್ರಕ್ಕುಗಳಿಗೆ 393.95 ಎಂಬ ಫೆಡರಲ್ ನಿಯಮವಿದೆ. ಸಿಲಿಂಡರನ್ನು ಭದ್ರವಾಗಿ ಕೂರಿಸಿರಬೇಕು, ಸುಲಭವಾಗಿ ಕೈಗೆ ಸಿಗಬೇಕು, ಪೂರ್ತಿ ತುಂಬಿದೆಯೇ ಎಂಬುದು ಕಣ್ಣಿಗೆ ತಿಳಿಯಬೇಕು ಎನ್ನುತ್ತದೆ. ನಮ್ಮ ಸಣ್ಣ ವ್ಯಾನು ಆ ಲೆಕ್ಕಕ್ಕೆ ಬಾರದಿದ್ದರೂ ಮೂರು ಮಾತನ್ನೂ ಪಾಲಿಸಲು ನಿಶ್ಚಯಿಸಿದೆವು.

ಮನೆಯ ಗೋಡೆಗೆ ತೂಗುಹಾಕುವ ಕೊಕ್ಕೆ ವಾಹನದ ಕುಲುಕಾಟಕ್ಕೆ ಸಾಲದು. ವಾಹನಕ್ಕೆಂದೇ ಮಾಡಿದ, ಬಿಗಿಯುವ ಪಟ್ಟಿಯುಳ್ಳ ಲೋಹದ ಬ್ರಾಕೆಟ್ ತಂದೆವು. ಅದನ್ನು ಪ್ಲಾಸ್ಟಿಕ್ ಹೊದಿಕೆಗಲ್ಲ, ವ್ಯಾನಿನ ಉಕ್ಕಿಗೇ ಬೋಲ್ಟು ಹಾಕಿ ಕೂರಿಸಿದೆವು. ತೂತು ಕೊರೆಯುವ ಮೊದಲು ಅಡಿಯಲ್ಲಿ ಪೆಟ್ರೋಲಿನ ಕೊಳವೆ, ವೈರು ಇಲ್ಲವೆಂದು ನೋಡಿಕೊಂಡೆವು. ಜಾಗ ಪಕ್ಕದ ಬಾಗಿಲ ಬಳಿ. ಹೊರಗೆ ನಿಂತೇ ಕೈಗೆಟಕುತ್ತದೆ. ಸಾಮಾನಿಗೆ ಬೆಂಕಿ ಹತ್ತಿದಾಗ ಒಳಗೆ ನುಗ್ಗಿ ಹುಡುಕುವಂತಾಗಬಾರದಲ್ಲ!

ನಮ್ಮ ಸಿಲಿಂಡರಿನ ಲೇಬಲ್ಲು 49 ಡಿಗ್ರಿ ಸೆಲ್ಸಿಯಸ್‌ವರೆಗೆ ಎನ್ನುತ್ತದೆ. ಇಲ್ಲಿಯ ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ವ್ಯಾನಿನ ಒಳಗು ಅದನ್ನು ಮೀರುತ್ತದೆ. ಹಾಗಾಗಿ ನೆರಳು ಹುಡುಕಿ ನಿಲ್ಲಿಸುತ್ತೇವೆ. ಊರಿಗೆ ಹೊರಟಾಗ ಬಿಚ್ಚಿ ಮನೆಯೊಳಗೆ ಇಡುತ್ತೇವೆ.

ತಿಂಗಳಿಗೊಮ್ಮೆ ಪರೀಕ್ಷೆ ಮಾಡುವುದು ಮರೆಯಬಾರದೆಂದು ಅಮಾವಾಸ್ಯೆಗೆ ಗಂಟು ಹಾಕಿದ್ದೇವೆ. ವ್ಯಾನಿಗೆ ನಿಂಬೆಹಣ್ಣು ನಿವಾಳಿಸಿದ ಮೇಲೆ ಗೇಜಿನ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನು ಮತ್ತು ಸೀಲು ಸರಿಯಿವೆಯೇ, ಪಟ್ಟಿ ಸಡಿಲವಾಗಿದೆಯೇ ಎಂದು ನೋಡುತ್ತೇವೆ. ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಬಹುದಾದ್ದರಿಂದ ತಲೆಕೆಳಗು ಮಾಡಿ, ಒಳಗೆ ಸರಿಯುವುದೇ ಎಂದು ಗಮನಿಸುತ್ತೇವೆ. ಒಂದು ಕ್ಷಣ ಒತ್ತಿದ್ದರೂ ಮತ್ತೆ ತುಂಬಿಸಬೇಕು, ಇಲ್ಲವೆ ಬದಲಿಸಬೇಕು. ಕವಾಟದಲ್ಲಿ ಪುಡಿ ಸಿಕ್ಕಿ ಒತ್ತಡ ಸೋರಿಹೋಗುತ್ತದೆ.

ದೀಪಾವಳಿ ಊಟಕ್ಕೂ ನಮ್ಮ ವ್ಯಾನೇ ಬರಲಿದೆ. ಪಾತ್ರೆ ಏರಿಸಲು ಬರುವ ಬಂಧುಗಳು ಬಾಗಿಲ ಪಕ್ಕದ ಆ ಕೆಂಪು ಸಿಲಿಂಡರನ್ನು ಒಮ್ಮೆ ಅಲ್ಲಾಡಿಸಿ ನೋಡಬೇಕು. ಅಲುಗಾಡಿದರೆ ಹುಳಿ ಏರಿಸಬೇಡಿ, ಮೊದಲು ನಮ್ಮನ್ನು ಕರೆಯಿರಿ.