ಎರಡು ಬಣ್ಣದ ರಿವಾಲ್ವರು

ಕೊಲ್ಲುವ ಸಾಮಾನಿಗೆ ಸಿಂಗಾರ ಯಾಕೆ ಎಂದು ಮೂಗು ಮುರಿಯುವವರು ಒಮ್ಮೆ ಕೋಲ್ಟ್ ಕಂಪನಿಯ 1851ರ ನೇವಿ ರಿವಾಲ್ವರಿನ ಚಿತ್ರ ನೋಡಬೇಕು. ನಳಿಕೆ ಕಡುನೀಲಿ. ನಡುವಿನ ಚೌಕಟ್ಟಿನಲ್ಲಿ ನೀಲಿ, ನೇರಳೆ, ಬೂದಿ ಎಲ್ಲ ಕಲಸಿಹೋಗಿವೆ. ಟ್ರಿಗರಿನ ಸುತ್ತಲಿನ ಹಿತ್ತಾಳೆಯ ಬಳೆಗೆ ಬೆಳ್ಳಿಯ ಲೇಪ, ಹಿಡಿಗೆ ವಾಲ್‌ನಟ್ ಮರ. ಸಾಲದೆಂಬಂತೆ ಸಿಲಿಂಡರಿನ ಸುತ್ತ ಹಡಗುಗಳ ಕಾಳಗದ ಕೆತ್ತನೆ ಬೇರೆ. ಕಾದಾಟಕ್ಕೆ ಹೊರಟಿದೆಯೋ ಮದುವೆ ದಿಬ್ಬಣಕ್ಕೆ ಹೊರಟಿದೆಯೋ ಹೇಳುವುದು ಕಷ್ಟ.

ತಮಾಷೆಯೆಂದರೆ ಇದರಲ್ಲಿ ಅರ್ಧಕ್ಕರ್ಧ ಬಣ್ಣ ಯಾರೂ ಚೆಂದಕ್ಕೆಂದು ಹಚ್ಚಿದ್ದಲ್ಲ. 1873ರಲ್ಲಿ ಬಂದ ಸಿಂಗಲ್ ಆ್ಯಕ್ಷನ್ ಆರ್ಮಿಯನ್ನೇ ತೆಗೆದುಕೊಳ್ಳಿ. ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಪರಿಚಯದ ಮುಖ ಅದು. ಅದರ ಚೌಕಟ್ಟಿನ ಲೋಹ ಮೆದು. ಹಾಗೇ ಬಿಟ್ಟರೆ ಬೇಗ ಸವೆಯುತ್ತದೆ, ಒಳಗಿನವರೆಗೂ ಗಡುಸು ಮಾಡಿದರೆ ಬಿರುಕು ಬಿಡುತ್ತದೆ. ಆದ್ದರಿಂದ ತೊಗಲನ್ನಷ್ಟೇ ಗಡುಸು ಮಾಡಬೇಕು. ಮೂಳೆ ಮತ್ತು ಚರ್ಮ ಸುಟ್ಟ ಇದ್ದಿಲನ್ನು ಪೆಟ್ಟಿಗೆಯಲ್ಲಿ ತುಂಬಿ, ಚೌಕಟ್ಟನ್ನು ಅದರೊಳಗೆ ಹೂತು, ಗಂಟೆಗಟ್ಟಲೆ ಕೆಂಪಗೆ ಕಾಯಿಸುತ್ತಾರೆ. ಇದ್ದಿಲಿನ ಇಂಗಾಲ ಲೋಹದ ಮೇಲ್ಪದರಕ್ಕೆ ಇಳಿಯುತ್ತದೆ. ಆಮೇಲೆ ಒಮ್ಮೆಲೇ ತಣ್ಣೀರಿಗೆ ಸುರಿಯುವುದು. ಗಡುಸುತನಕ್ಕಾಗಿ ಮಾಡಿದ ಈ ಕೆಲಸದಲ್ಲಿ ಬಿಟ್ಟಿಯಾಗಿ ಸಿಕ್ಕಿದ್ದು ಆ ಬಣ್ಣದ ಅಲೆಗಳು. ಒಂದರಂತೆ ಇನ್ನೊಂದು ಬರುವುದಿಲ್ಲ. ಬಿಸಿಲಿಗೆ, ಬೆವರುಗೈಗೆ ಬಣ್ಣ ಮಾಸಿ ಬೂದಿಯಾಗುತ್ತದೆ. ಗಡುಸು ಮಾತ್ರ ಹೋಗುವುದಿಲ್ಲ. ಜನ ದುಡ್ಡು ಕೊಡುವುದು ಮಾಸಿಹೋಗುವ ಬಣ್ಣಕ್ಕೇ ಎನ್ನುವುದು ಬೇರೆ ಮಾತು.

ನಳಿಕೆಯ ನೀಲಿಯೂ ಬಳಿದ ಬಣ್ಣವಲ್ಲ. ಉಕ್ಕಿನ ಮೈಯನ್ನೇ ಕರಿಯ ಆಕ್ಸೈಡ್ ಆಗಿಸುವ ವಿದ್ಯೆ ಅದು. ಹಳೆಯ ಒಂದು ವಿಧಾನದಲ್ಲಂತೂ ಬೇಕೆಂದೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸುತ್ತಾರೆ. ಕಳ್ಳನನ್ನೇ ಕಾವಲಿಗೆ ಇಟ್ಟ ಹಾಗೆ. ಬೀದರಿನವರು ಇದಕ್ಕೇನೂ ಬೆರಗಾಗಲಾರರು. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದರೆ ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ನಡುವೆ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದ್ರಿಯ ಇಬ್ಬಣ್ಣವೂ ಲೋಹದ ಸ್ವಭಾವದಿಂದಲೇ ಹುಟ್ಟಿದ್ದು. ಅವರು ಅದನ್ನು ಹುಕ್ಕಾಬುಡ್ಡಿಗೂ ಹೂಜಿಗೂ ಬಳಸಿದರು. ನನ್ನ ಮತ ಕೇಳಿದರೆ ಒಳ್ಳೆಯ ಆಯ್ಕೆ.

ಇನ್ನು ನಿಕಲ್. ಆ ಕಾಲದ ಕರಿಮದ್ದಿನ ಮಸಿ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತಿತ್ತು. ನೀಲಿಗಿಂತ ನಿಕಲ್ ಲೇಪವೇ ಹೆಚ್ಚು ತಾಳಿಕೆ ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಫಳಫಳಿಸುವ ರಿವಾಲ್ವರುಗಳು ಅಮೆರಿಕದ ತುಂಬ ಹರಡಿದವು. ಸ್ಮಿತ್ ಆ್ಯಂಡ್ ವೆಸನ್ನಿನವರು ನಡು ಬಗ್ಗಿಸಿ ಗುಂಡು ತುಂಬುವ ತಮ್ಮ ನಿಕಲ್ ರಿವಾಲ್ವರುಗಳಲ್ಲಿ ಟ್ರಿಗರಿನ ಬಳೆಯನ್ನು ನೀಲಿಯಾಗಿಯೇ ಬಿಡುತ್ತಿದ್ದರು. ಟ್ರಿಗರ್, ಹ್ಯಾಮರುಗಳಿಗೆ ಆ ಇದ್ದಿಲಿನ ಬಣ್ಣ. ಮುಂದೆ ಯಾರೋ ಮಾಲೀಕ ಹೊಳಪು ಹೋಯಿತೆಂದು ಮರುಲೇಪಕ್ಕೆ ಕೊಟ್ಟರೆ, ಲೇಪದವನು ಎಲ್ಲವನ್ನೂ ಸೇರಿಸಿ ನಿಕಲ್‌ನಲ್ಲಿ ಅದ್ದಿಬಿಡುತ್ತಿದ್ದ. ಅದಕ್ಕೇ ಇವತ್ತು ಅಂಥದ್ದೊಂದು ಹ್ಯಾಮರಿನವರೆಗೂ ಮಿನುಗುತ್ತಿದ್ದರೆ ಸಂಗ್ರಾಹಕರು ಕೈಯಲ್ಲಿ ಹಿಡಿದು ನೋಡುವ ಮೊದಲೇ ತಲೆಯಾಡಿಸುತ್ತಾರೆ.

ನಮ್ಮಲ್ಲಿ ಈ ತಲೆನೋವು ಇರಲಿಲ್ಲ. 1968ರ ‘ಜೇಡರ ಬಲೆ’ ಸಿನಿಮಾದಲ್ಲಿ ರಾಜಕುಮಾರ್ ಸಿಐಡಿ 999 ಆಗಿ ಬಂದಾಗ ಪರದೆಯೇ ಕಪ್ಪು-ಬಿಳುಪು, ಹೀರೋನದಿರಲಿ, ವಿಲನ್‌ನದಿರಲಿ, ಬಂದೂಕಿಗೆ ಎರಡೇ ಬಣ್ಣ.

1965ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 60 ಎಂಬ ಸ್ಟೇನ್‌ಲೆಸ್ ರಿವಾಲ್ವರ್ ತಂದ ಮೇಲೆ ನೀಲಿಗೂ ನಿಕಲ್‌ಗೂ ಇದ್ದ ತುಕ್ಕಿನ ನೆಪವೂ ಬಹುಮಟ್ಟಿಗೆ ಹೋಯಿತು. ಬಣ್ಣದ ಆಸೆ ಹೋಗಲಿಲ್ಲ. 1993ರಲ್ಲಿ ರೂಗರ್ ಕಂಪನಿ ವಕೇರೋ ಎಂಬ ಹಳೇ ಧಾಟಿಯ ರಿವಾಲ್ವರ್ ಮಾಡಿತು. ಅದರ ಉಕ್ಕಿಗೆ ಮೂಳೆ ಇದ್ದಿಲಿನ ಹಂಗೇ ಇಲ್ಲ. ಆದರೂ ಚೌಕಟ್ಟಿಗೆ ರಾಸಾಯನಿಕದಿಂದ ಆ ಹಳೆಯ ಅಲೆಗಳನ್ನು ತರಿಸಿದರು. ಕೆಲಸ ಹೋಗಿ ಕಲೆ ಉಳಿಯಿತು.

ಚೌಕಟ್ಟು ನಿಕಲ್, ನಳಿಕೆ-ಸಿಲಿಂಡರು ನೀಲಿ, ಅಥವಾ ತಿರುಗಾಮುರುಗಾ: ಇಂಥ ಸ್ಮಿತ್ ಆ್ಯಂಡ್ ವೆಸನ್ನುಗಳನ್ನು ಸಂಗ್ರಾಹಕರು ಮಚ್ಚೆ ಕುದುರೆಯ ಹೆಸರಿನಿಂದ ‘ಪಿಂಟೋ’ ಎನ್ನುತ್ತಾರೆ. ಇಲ್ಲಿ ಅನುಮಾನ ಉಲ್ಟಾ. ಹ್ಯಾಮರ್ ಹೊಳೆದರೆ ಹುಬ್ಬೇರಿಸಿದವರೇ ಪಿಂಟೋ ಕಂಡರೆ, ಎರಡು ಕೆಟ್ಟ ರಿವಾಲ್ವರುಗಳ ಬಿಡಿಭಾಗ ಸೇರಿಸಿ ಮಾಡಿದ್ದಿರಬೇಕು ಎನ್ನುತ್ತಾರೆ. ಕಾರ್ಖಾನೆಯ ಹಳೆಯ ದಾಖಲೆ ತೆಗೆಸಿ, ಇದು ಹೊರಬಿದ್ದದ್ದೇ ಹೀಗೆ ಎಂದು ಪತ್ರ ತೋರಿಸಿದರೆ ಅದೇ ಬಾಯಿಗಳು ಅಪರೂಪ ಎನ್ನುತ್ತವೆ, ಬೆಲೆ ಏರುತ್ತದೆ. ಪತ್ರವಿಲ್ಲದ ಪಿಂಟೋ ಎಷ್ಟೇ ಲಕ್ಷಣವಾಗಿರಲಿ, ಮಾರುವವನು ಚೌಕಾಸಿಗೆ ತಯಾರಾಗಿಯೇ ಕೂರಬೇಕು.