ನೀವು ಕಾಣದ ಧಾರೆ

ಬೆಳಗಿನ ಆರು ಗಂಟೆ. ಮೇ ತಿಂಗಳ ಮೊದಲ ವಾರ, ಮೈಸೂರಿನ ಒಂದು ಛತ್ರ. ತಂಗಿಯ ಮದುವೆ, ರಾತ್ರಿಯೆಲ್ಲ ನಿಮಗೆ ನಿದ್ದೆಯಿಲ್ಲ. ಜೇಬಿನಲ್ಲಿ ಉಗ್ರಾಣದ ಬೀಗದ ಕೈ, ಕೈಯಲ್ಲಿ ಕಾಫಿ ಲೋಟ. ಬಾಗಿಲಿಗೆ ಬಾಳೆಕಂದು ಕಟ್ಟುತ್ತಿದ್ದಾರೆ. ಅದರ ಪಕ್ಕದಲ್ಲೇ ಫೋಟೋದವರು ವ್ಯಾನಿನಿಂದ ಲೈಟು, ಸ್ಟ್ಯಾಂಡು ಇಳಿಸುತ್ತಿದ್ದಾರೆ. ನಾಲ್ಕು ಜನ: ಶಾಸ್ತ್ರಗಳನ್ನೂ ಬಂಧುಗಳ ಗುಂಪನ್ನೂ ತೆಗೆಯಲು ಒಬ್ಬರು, ಯಾರೂ ಪೋಸು ಕೊಡದ ಗಳಿಗೆಗಳಿಗೆ ಕ್ಯಾಂಡಿಡ್‌ನವರು, ವಿಡಿಯೋಗೆ ಇಬ್ಬರು.

ಮುಹೂರ್ತ 9:10ರಿಂದ 9:45, ಮಿಥುನ ಲಗ್ನ. ಇದು ಅವರಿಗೆ ತಿಂಗಳ ಹಿಂದೆಯೇ ಗೊತ್ತು.

ಅವತ್ತು ಸ್ಟುಡಿಯೋದಲ್ಲಿ ನೀವು ಕೇಳಿದ್ದು ಒಂದೇ: ‘ಒಂದು ಮದುವೆಯ ಚಿತ್ರಗಳನ್ನು ಮೊದಲಿನಿಂದ ಕೊನೆವರೆಗೆ ತೋರಿಸಿ.’ ಆಯ್ದ ಇಪ್ಪತ್ತು ಚಿತ್ರ ಯಾರ ಬಳಿಯೂ ಚೆಂದವೇ. ಹೊಗೆ, ನೂಕುನುಗ್ಗಲು, ಕತ್ತಲೆ ಮೂಲೆ ಎಲ್ಲ ಸೇರಿದ ಇಡೀ ದಿನವನ್ನು ಒಬ್ಬರು ಹೇಗೆ ಹಿಡಿದಿದ್ದಾರೆ ಎನ್ನುವುದರಲ್ಲಿ ಕಸುಬು ಕಾಣುತ್ತದೆ. ಆಮೇಲೆ ಎಲ್ಲವನ್ನೂ ಬರೆದುಕೊಂಡಿರಿ: ಅಡ್ವಾನ್ಸ್ ಎಷ್ಟು, ಎಷ್ಟು ಹೊತ್ತಿನ ಕೆಲಸ, ಆಲ್ಬಮ್ಮಿಗೆ ಎಷ್ಟು ಹಾಳೆ, ಯಾವ ತಾರೀಖಿಗೆ ಕೈಸೇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಹಾಗಾಗಿ ‘ನಮ್ಮನ್ನು ಕೇಳದೆ ಇನ್‌ಸ್ಟಾಗ್ರಾಮ್‌ಗೆ ಹಾಕಬಾರದು’ ಎಂಬ ಸಾಲನ್ನೂ ಸೇರಿಸಿದಿರಿ. ಅವರು ಬೇಸರಿಸಲಿಲ್ಲ.

ಏಳುವ ಮೊದಲು ಅವರು ಕೇಳಿದರು: ‘ಸರ್, ಯಾರ ಮುಖ ತಪ್ಪಿಸಬಾರದು?’

ಸ್ವಲ್ಪ ಯೋಚಿಸಿ ಹೇಳಿದಿರಿ: ‘ನಮ್ಮಪ್ಪ. ಅಳು ಬಂದರೆ ಮುಖ ತಿರುಗಿಸಿಕೊಂಡುಬಿಡ್ತಾರೆ.’

ಈಗ ಆ ಫೋಟೋದವರು ಮಂಟಪದ ಮುಂದೆ ನಿಂತು ತಲೆಯೆತ್ತಿ ನೋಡುತ್ತಿದ್ದಾರೆ. ಅಲಂಕಾರದವರು ಹಾಕಿದ ನೇರಳೆ ದೀಪ ಅರಿಶಿನ ಹಚ್ಚಿದ ಕೆನ್ನೆಯನ್ನೂ ನೀಲಿಗಟ್ಟಿಸುತ್ತದೆ. ‘ಮುಹೂರ್ತ ಮುಗಿಯೋವರೆಗೆ ಬಿಳಿ ದೀಪ ಸಾಕಣ್ಣ’ ಎಂದು ಅವರನ್ನು ಒಪ್ಪಿಸುತ್ತಾರೆ. ಬಳಿಕ ಪುರೋಹಿತರ ಹತ್ತಿರ ಬಾಗಿ, ‘ಧಾರೆ ಹೊತ್ತಿಗೆ ಎಲ್ಲಿ ನಿಲ್ಲಲಿ, ಶಾಸ್ತ್ರಿಗಳೇ?’

‘ಹೋಮಕುಂಡದಿಂದ ಈಚೆಗೇ ಇರಪ್ಪ. ದಾಟಬೇಡ.’

ಅವರು ಚಪ್ಪಲಿ ಬಿಟ್ಟು ಅಲ್ಲೇ ಮೊಣಕಾಲೂರಿ, ಅಪ್ಪ ಕೂರುವ ಮಣೆಯ ಕಡೆಗೆ ಕ್ಯಾಮೆರಾ ಹಿಡಿದು ಒಂದು ಖಾಲಿ ಚಿತ್ರ ತೆಗೆಯುತ್ತಾರೆ. ಹಾರುವ ಅಕ್ಷತೆ ಗೆರೆಯಾಗಿ ಕದಡದಂತೆ ಸೆಕೆಂಡಿನ ಐನೂರರಲ್ಲಿ ಒಂದು ಭಾಗಕ್ಕೆ ಶಟರ್ ಹೊಂದಿಸಿ, ಬೆಳಕು ಸಾಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಒಂಬತ್ತು ದಾಟಿತು. ಸೋದರಮಾವ ತಂಗಿಯನ್ನು ಕರೆತಂದರು. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ತಲೆಗೇರಿತು. ನೀವು ಮುಂದಕ್ಕೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಅಡುಗೆಯವರ ಹುಡುಗ ತೋಳು ಹಿಡಿದ: ‘ಸಾರ್, ತುಪ್ಪ ಬೇಕು, ಉಗ್ರಾಣದ ಬೀಗ ತೆಗೀರಿ.’

ಓಡಿದಿರಿ. ತುಪ್ಪದ ಡಬ್ಬ ಕೊಟ್ಟು ತಿರುಗುವಷ್ಟರಲ್ಲಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂಬ ಕೂಗು. ವಾಲಗ ಭೋರ್ಗರೆಯಿತು. ಮಂಟಪದ ಸುತ್ತ ಫೋನು ಹಿಡಿದ ಕೈಗಳ ಬೇಲಿ. ‘ಯಜಮಾನ್ರೇ, ಒಂದೇ ನಿಮಿಷ’ ಎಂದು ವಿಡಿಯೋದವರಲ್ಲಿ ಒಬ್ಬ ಸಂದಿ ಮಾಡಿಕೊಟ್ಟ. ನೀವು ಬಂದಾಗ ತಾಳಿಯ ಮೂರನೆಯ ಗಂಟು ಬೀಳುತ್ತಿತ್ತು. ಧಾರೆ ಮುಗಿದುಹೋಗಿತ್ತು.

ಮುಂದಿನದು ಬಂಧುಗಳ ಸರದಿ. ಮೊದಲೇ ಬರೆದ ಪಟ್ಟಿ ಹಿಡಿದು ಚಿಕ್ಕಪ್ಪನ ಮಗಳು ಒಂದೊಂದೇ ಮನೆಯವರನ್ನು ಕೂಗುತ್ತಾಳೆ. ಇಲ್ಲದಿದ್ದರೆ ಅತ್ತೆ ಯಾರು, ಪಕ್ಕದ ಮನೆಯವರು ಯಾರು ಎಂದು ಫೋಟೋದವರಿಗೆ ಹೇಗೆ ತಿಳಿಯಬೇಕು? ಬೆಳಗಿನಿಂದ ನಿಂತವರು ಅವರು. ಇಬ್ಬಿಬ್ಬರಂತೆ ಪಂಕ್ತಿಗೆ ಕೂರಿಸಿ, ನೀವೇ ನಿಂತು ಬಡಿಸುತ್ತೀರಿ.

ಮದುವೆಮನೆ ಖಾಲಿಯಾದ ಮೇಲೂ ಅವರ ಕೆಲಸ ಮುಗಿದಿಲ್ಲ. ಪ್ರತಿ ಚಿತ್ರವೂ ಕ್ಯಾಮೆರಾದ ಎರಡು ಕಾರ್ಡುಗಳಲ್ಲಿ ಒಟ್ಟಿಗೇ ಉಳಿದಿದೆ. ಆದರೂ ಅದನ್ನು ಎರಡು ಹಾರ್ಡ್ ಡಿಸ್ಕಿಗೆ ತುಂಬಿದ ನಂತರವೇ ವ್ಯಾನು ಹೊರಡುತ್ತದೆ. ಮದುವೆಗೆ ಎರಡನೆಯ ಸಲ ಎಂಬುದಿಲ್ಲ.

ಮೂರು ವಾರ ಕಳೆದು ಒಂದು ರಾತ್ರಿ ಲಿಂಕ್ ಬಂತು. ಸಾವಿರಕ್ಕೂ ಮಿಕ್ಕಿದ ಚಿತ್ರಗಳು. ಆಲ್ಬಮ್ಮಿಗೆ ಬೇಕಾದ್ದನ್ನು ನೀವು ಆರಿಸಿ ಕೊಡಬೇಕು. ಇಲ್ಲಿ ನೀವು ತಡ ಮಾಡಿದಷ್ಟೂ ಅಲ್ಲಿ ತಡ. ಒಂದೊಂದೇ ಸರಿಸುತ್ತಾ ಹೋಗುತ್ತೀರಿ.

ಬೆರಳು ನಿಲ್ಲುತ್ತದೆ. ಅಮ್ಮನ ಕೈಯ ಬೆಳ್ಳಿ ಚೊಂಬಿನಿಂದ ಇಳಿಯುವ ನೀರಿನ ಎಳೆ. ಅದರ ಕೆಳಗೆ ತಂಗಿಯ ಮದರಂಗಿ ಕೈ, ಅದನ್ನು ಹಿಡಿದ ಅಪ್ಪನ ಒರಟು ಬೆರಳು. ಅಪ್ಪ ತುಟಿ ಬಿಗಿಹಿಡಿದು, ಸಭೆಗೆ ಕಾಣದಂತೆ ಮುಖ ತಿರುಗಿಸಿದ್ದಾರೆ. ಫೋಟೋದವರು ಮೊಣಕಾಲೂರಿ ಕಾದಿದ್ದ ಕಡೆಗೇ.

ಚಿತ್ರದ ವೇಳೆ 9:21 ಎಂದಿದೆ. ಆಗ ನೀವು ತುಪ್ಪದ ಡಬ್ಬ ಎತ್ತುತ್ತಿದ್ದಿರಿ.

ಮೊದಲ ಗುರುತು ಅದಕ್ಕೇ ಹಾಕುತ್ತೀರಿ.