ಅವರೆ ಬಿಡಿಸುವ ಕೈಗಳು

"ನಮ್ಮವರಲ್ಲಿ ವೃದ್ಧಾಶ್ರಮಗಳಿಲ್ಲ" ಎಂಬ ಮಾತನ್ನು ಮದುವೆ ಮನೆಗಳಲ್ಲಿ, ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮುಪ್ಪಿನಲ್ಲಿರುವ ತಂದೆ ತಾಯಿಯ ಎದುರು ಬೇಸರದ ಒಂದು ಸಣ್ಣ ಉದ್ಗಾರವೂ ಹೊರಡಬಾರದೆಂದು ಪವಿತ್ರ ಕುರ್‌ಆನ್ 17ನೇ ಅಧ್ಯಾಯದ 23ನೇ ಸೂಕ್ತದಲ್ಲಿ ಕಲಿಸುತ್ತದೆ. ಇಂಥ ಕಲಿಕೆ ಇರುವ ಸಮುದಾಯದ ಹಿರಿಯರಿಗೆ ಪರರ ಸೂರು ಯಾಕೆ ಬೇಕು ಎಂಬುದು ಆ ಹೆಮ್ಮೆಯ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇದೆ. ಆದರೆ ಕನಕಪುರದ ಅಂಚಿನಲ್ಲಿರುವ ಒಂದು ಪುಟ್ಟ ವೃದ್ಧಾಶ್ರಮಕ್ಕೆ ನಾವು ಮೊದಲ ಸಲ ಹೋದಾಗ ಅಲ್ಲಿದ್ದ ಹದಿನೆಂಟು ಮಂದಿಯಲ್ಲಿ ನಾಲ್ವರು ನಮ್ಮವರೇ ಆಗಿದ್ದರು.

ನಾವೆಂದರೆ ಒಂದೇ ಬೀದಿಯ ಐದಾರು ಹೆಂಗಸರು. ಎರಡು ವರ್ಷಗಳಿಂದ ಭಾನುವಾರದ ಮಧ್ಯಾಹ್ನಗಳನ್ನು ಅಲ್ಲಿ ಕಳೆಯುತ್ತಿದ್ದೇವೆ. ದೊಡ್ಡ ಸೇವೆ ಮಾಡುತ್ತಿದ್ದೇವೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅಲ್ಲಿ ಕಂಡ ಒಂದು ಸಂಗತಿ ನಮ್ಮ ಮನೆಗಳಿಗೂ ಸಂಬಂಧಿಸಿದ್ದು ಎನಿಸಿದ್ದರಿಂದ ಬರೆಯುತ್ತಿದ್ದೇವೆ.

ಕನಕಪುರ ಹಿಂದಿನ ಕಾನಕಾನಹಳ್ಳಿ. ಅರ್ಕಾವತಿ ದಡದ ಊರು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹೆಸರು ಬದಲಾಗುವುದಕ್ಕೆ ಬಹಳ ಮೊದಲೇ ಬೆಂಗಳೂರು ಇಲ್ಲಿನ ಮಕ್ಕಳನ್ನು ಸೆಳೆದುಕೊಂಡಿತ್ತು. ಗಾರ್ಮೆಂಟ್ಸ್ ಕೆಲಸಕ್ಕೆ, ಗಾಡಿ ಓಡಿಸಲು, ಕಂಪ್ಯೂಟರ್ ಕಂಪೆನಿಗಳಿಗೆ ಹೋದವರು ಅಲ್ಲೇ ಬಾಡಿಗೆ ಮನೆ ಹಿಡಿದರು. ಒಂದೇ ಕೋಣೆಯ ಆ ಮನೆಗಳಲ್ಲಿ ಅಮ್ಮನ ಮಂಚಕ್ಕೆ ಜಾಗವಿಲ್ಲ. ವೃದ್ಧಾಶ್ರಮದಲ್ಲಿರುವವರ ಮಕ್ಕಳೆಲ್ಲ ಕಟುಕರು ಎಂಬ ನಮ್ಮ ಊಹೆಯನ್ನು ಅಲ್ಲಿನ ಹಿರಿಯರೇ ಮೊದಲ ತಿಂಗಳಲ್ಲಿ ತಿದ್ದಿದರು. ಕೆಲವರಿಗೆ ಮಕ್ಕಳೇ ಇಲ್ಲ. ಕೆಲವರ ಮಕ್ಕಳು ತಿಂಗಳಿಗೊಮ್ಮೆ ಬಂದು ಅತ್ತು ಹೋಗುತ್ತಾರೆ. ಬಾರದವರೂ ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ.

ಆಶ್ರಮದ ದಿನಚರಿ ಸರಳವಾದದ್ದು. ಬೆಳಗಿನ ಜಾವ ಐದಕ್ಕೆ ದೂರದ ಮಸೀದಿಯ ಬಾಂಗು ಕೇಳುವ ಹೊತ್ತಿಗೆ ಅರ್ಧ ಮಂದಿ ಎದ್ದಿರುತ್ತಾರೆ. ಮುಪ್ಪಿಗೆ ನಿದ್ದೆ ಕಡಿಮೆ. ಆರಕ್ಕೆ ಕಾಫಿ. ಆಮೇಲೆ ಬಿಸಿನೀರಿನ ಸರದಿ, ಮಾತ್ರೆಯ ಡಬ್ಬಿಗಳು, ವಾರಕ್ಕೊಮ್ಮೆ ಬಿ.ಪಿ., ಸಕ್ಕರೆ ಪರೀಕ್ಷೆ. ಮಧ್ಯಾಹ್ನ ಮುದ್ದೆ ಮತ್ತು ಉಪ್ಸಾರು ಅಥವಾ ಮಸೊಪ್ಪು. ಸಂಜೆ ಟಿ.ವಿ.ಯ ಧಾರಾವಾಹಿ. ಹೊಟ್ಟೆಗೆ, ಬಟ್ಟೆಗೆ ಕೊರತೆಯಿಲ್ಲ. ನೋಡಿಕೊಳ್ಳುವ ಹೆಣ್ಣುಮಗಳು ಊರಿನವಳೇ, ಎಲ್ಲರಿಗೂ ಅವಳು ಮಗಳು. ಕೊರತೆ ಇರುವುದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಮತ್ತೆ ಮೂರರಿಂದ ಆರರವರೆಗೆ. ಮಾಡಲು ಏನೂ ಇಲ್ಲದ, ಯಾರಿಗೂ ಬೇಡವಾದ ಆ ಗಂಟೆಗಳು.

ಆ ಗಂಟೆಗಳನ್ನು ತುಂಬುತ್ತಿದ್ದುದು ಋತುಮಾನ. ಮಾಗಿ ಚಳಿ ಶುರುವಾದೊಡನೆ ಸೊಗಡಿನ ಅವರೆಕಾಯಿ ಬರುತ್ತದೆ. ಜಗುಲಿಯ ಮೇಲೆ ಚಾಪೆ ಹಾಸಿ, ಮೂಟೆ ಸುರಿದರೆ ಸಾಕು, ಕರೆಯದೆಯೇ ಹತ್ತು ಮಂದಿ ಬಂದು ಕೂರುತ್ತಾರೆ. ಬಿಡಿಸಿದ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹಿತುಕಿ, ಹಿತುಕಿದ ಬೇಳೆ ಸಾರು. ಸಂಕ್ರಾಂತಿಗೆ ಕೊಬ್ಬರಿ ಬೆಲ್ಲ ಹೆಚ್ಚುವುದು. ಬೇಸಿಗೆ ಹತ್ತಿರವಾದಾಗ ಹುಣಸೆಹಣ್ಣಿನ ಬೀಜ ತೆಗೆಯುವುದು, ರಾಗಿ ಸಂಡಿಗೆ ಇಡುವುದು, ಆಮೇಲೆ ಮಾವಿನಕಾಯಿ ಉಪ್ಪಿನಕಾಯಿ. ಮಳೆಗಾಲಕ್ಕೆ ಹಿತ್ತಲಿನ ಪಾತಿಗಳಲ್ಲಿ ಸೊಪ್ಪಿನ ಬೀಜ.

ಅವರೆ ಬಿಡಿಸುವವರಲ್ಲಿ ಎಲ್ಲರಿಗಿಂತ ಚುರುಕು ನಮ್ಮ ಖಾಲಾ. ಎಪ್ಪತ್ತು ದಾಟಿದ ಅವರ ಬೆರಳ ತುದಿಗಳಲ್ಲಿ ಗೆರೆಗಳಿಲ್ಲ, ಚರ್ಮ ನುಣ್ಣಗಾಗಿದೆ. ಅದು ಚರಕದ ಗುರುತು. ನಲವತ್ತು ವರ್ಷ ಕುದಿಯುವ ನೀರಿನಲ್ಲಿ ತೇಲುವ ರೇಷ್ಮೆ ಗೂಡಿನ ಎಳೆ ಹಿಡಿದೆತ್ತಿದ ಬೆರಳುಗಳವು. ರಾಮನಗರ, ಚನ್ನಪಟ್ಟಣ, ಕನಕಪುರದ ಸುತ್ತಮುತ್ತ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಬಹುಪಾಲು ಒಕ್ಕಲಿಗರು ಮತ್ತಿತರ ರೈತರು. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಒಬ್ಬರ ಗೂಡಿಲ್ಲದೆ ಇನ್ನೊಬ್ಬರ ಚರಕ ತಿರುಗದು. ಖಾಲಾ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಚರಕಗಳಿದ್ದವು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು. ಅಗ್ಗದ ಚೀನಾ ನೂಲಿನ ಮುಂದೆ ಇಲ್ಲಿನ ನೂಲಿನ ದರ ಕುಸಿಯಿತು. ಸಣ್ಣ ರೀಲರುಗಳು ಸಾಲಕ್ಕೆ ಬಿದ್ದರು. ಖಾಲಾ ಮನೆಯವರು ಚರಕ ಮಾರಿದರು, ಆಮೇಲೆ ಶೆಡ್ಡು, ಆಮೇಲೆ ಮನೆ. ಗಂಡ ತೀರಿಕೊಂಡರು. ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ ಒಂದೊಂದು ಕೋಣೆಯ ಮನೆಗಳಲ್ಲಿದ್ದಾರೆ. "ನಾನೇ ಬಂದೆ ಬೇಟಾ, ಅವರು ಕಳಿಸಲಿಲ್ಲ" ಎಂದು ಖಾಲಾ ಪ್ರತಿ ಸಲವೂ ಹೇಳುತ್ತಾರೆ. ಪ್ರತಿ ಸಲವೂ ಹೇಳುವುದನ್ನು ನಾವು ಕೇಳಿಸಿಕೊಳ್ಳುತ್ತೇವೆ.

ಒಂದು ಚಳಿಗಾಲದಲ್ಲಿ ಈ ಅವರೆಕಾಯಿಯೇ ಜಗಳಕ್ಕೆ ಕಾರಣವಾಯಿತು. ಮಗುವಿನ ಹುಟ್ಟುಹಬ್ಬಕ್ಕೆ ಊಟ ಕೊಡಿಸಲು ಬಂದಿದ್ದ ಒಂದು ಕುಟುಂಬದ ಯಜಮಾನರು ಜಗುಲಿಯ ಮೇಲೆ ಮುದುಕಿಯರು ಕಾಯಿ ಬಿಡಿಸುತ್ತಿದ್ದುದನ್ನು ಕಂಡು ಕೆರಳಿದರು. "ಈ ವಯಸ್ಸಲ್ಲಿ ಇವರ ಕೈಲಿ ಕೆಲಸ ಮಾಡಿಸ್ತೀರಾ? ನಾಚಿಕೆ ಆಗಲ್ವಾ?" ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಅವರ ಕಳಕಳಿ ಸುಳ್ಳಲ್ಲ. ಆಶ್ರಯದ ಹೆಸರಿನಲ್ಲಿ ಮುದುಕರನ್ನು ಕೂಲಿಯಿಲ್ಲದ ಆಳುಗಳಂತೆ ದುಡಿಸಿಕೊಳ್ಳುವವರು ಎಲ್ಲಿಯೂ ಇರಬಹುದು. ನೋಡಿಕೊಳ್ಳುವ ಹೆಣ್ಣುಮಗಳು ಹೆದರಿದಳು. ಮರುದಿನದಿಂದ ಸಂತೆಯಲ್ಲಿ ಬಿಡಿಸಿದ ಕಾಳನ್ನೇ ಕೊಂಡು ತಂದಳು. ಚಾಪೆ ಸುತ್ತಿಟ್ಟಳು.

ಮುಂದಿನ ಎರಡು ಭಾನುವಾರ ನಾವು ಕಂಡದ್ದು ಬೇರೆಯೇ ಆಶ್ರಮ. ಜಗುಲಿ ಖಾಲಿ. ಟಿ.ವಿ. ರಿಮೋಟಿಗಾಗಿ ಜಗಳ. ಯಾರನ್ನು ಕೇಳಿದರೂ ಮಂಡಿ ನೋವು, ಸೊಂಟ ನೋವು. ಎಂದೂ ಊಟ ಬಿಡದ ಒಬ್ಬ ಅವ್ವ, "ಮುದ್ದೆ ಬ್ಯಾಡ ಕಣವ್ವ, ಕೂತು ಕೂತು ಹೊಟ್ಟೆ ಹಸಿಯಕ್ಕಿಲ್ಲ" ಎಂದರು. ಕೊನೆಗೆ ಖಾಲಾ ಆ ಹೆಣ್ಣುಮಗಳ ಕೈ ಹಿಡಿದು ಕೂರಿಸಿಕೊಂಡರು. "ನೋಡಮ್ಮ, ನೀನು ಮಾಡಿಸೋದು ಬೇರೆ, ನಾವು ಮಾಡೋದು ಬೇರೆ. ಯಾರೋ ತಂದಿದ್ದು ತಿಂದು, ಯಾರೋ ಕೊಟ್ಟಿದ್ದು ಉಟ್ಟು, ಮಲಗಿ ಏಳೋಕೆ ನಾವೇನು ಆಸ್ಪತ್ರೆಯಲ್ಲಿದ್ದೀವಾ? ಸಾರಿಗೆ ನಮ್ಮ ಕೈ ತಾಗಿದ್ರೆ ಅದು ನಮ್ಮನೆ ಸಾರು" ಎಂದರು.

ಚಾಪೆ ಮತ್ತೆ ಬಿಚ್ಚಿಕೊಂಡಿತು. ಆದರೆ ಈ ಸಲ ಕೆಲವು ಕರಾರುಗಳೊಂದಿಗೆ. ಬರುವವರು ತಾವಾಗಿ ಬರಬೇಕು, ಹೆಸರು ಹಿಡಿದು ಕರೆಯುವಂತಿಲ್ಲ. ಇಷ್ಟು ಆಗಬೇಕೆಂಬ ಲೆಕ್ಕವಿಲ್ಲ. ಹೊರಗೆ ಮಾರುವುದಿಲ್ಲ, ಬಿಡಿಸಿದ್ದೆಲ್ಲ ಅವರ ಒಲೆಗೇ. ಬೇಸರವಾದಾಗ ಎದ್ದು ಹೋಗಬಹುದು. ಇದನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ, ಊಟ ಕೊಡಿಸಲು ಬರುವವರೂ ಓದಲೆಂದು.

ಕೈಗೆ ಕೆಲಸ ಬೇಕೆನ್ನುವ ಈ ಹಂಬಲದ ಇನ್ನೊಂದು ಮುಖ 2025ರ ರಮಝಾನಿನಲ್ಲಿ ಕಂಡಿತು. ಖಾಲಾಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಉಪವಾಸ ಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ಉಪವಾಸ ಹಿಡಿಯಲಾಗದ ವೃದ್ಧರು, ಗುಣವಾಗದ ರೋಗವುಳ್ಳವರು ಒಂದೊಂದು ದಿನಕ್ಕೆ ಒಬ್ಬ ಬಡವರಿಗೆ ಊಟ ಕೊಡುವ ಫಿದ್ಯಾದ ಅವಕಾಶವಿದೆ. ಕೊಡಲು ಶಕ್ತಿಯೇ ಇಲ್ಲದವರ ಮೇಲೆ ಅದರ ಹೊರೆಯೂ ಇಲ್ಲ ಎಂದು ನಾವು ಸಮಾಧಾನ ಹೇಳಿದೆವು. ಖಾಲಾ ಒಪ್ಪಲಿಲ್ಲ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಬರುವ 1,200 ರೂಪಾಯಿಯನ್ನು ಅವರು ಕೂಡಿಟ್ಟಿದ್ದರು. ಅದರಲ್ಲಿ ಅಕ್ಕಿ, ಬೇಳೆ, ಎಣ್ಣೆ ತರಿಸಿ, ಆಶ್ರಮದ ಪಾತ್ರೆ ತೊಳೆಯುವ, ಮೂರು ಮಕ್ಕಳ ವಿಧವೆಯ ಮನೆಗೆ ಕಳಿಸಿದರು. ಪಡೆಯುವುದಕ್ಕಿಂತ ಕೊಡುವುದರಲ್ಲಿ ಹೆಚ್ಚಿನ ಘನತೆಯಿದೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಸಿರಿವಂತರಿಗೆ ಹೇಳಿದ್ದೆಂದೇ ಓದಿಕೊಂಡಿದ್ದೆವು. ಆ ದಿನ ಖಾಲಾ ನೆಟ್ಟಗೆ ಕೂತಿದ್ದ ರೀತಿ ನೋಡಿದ ಮೇಲೆ ಹಾಗೆ ಓದಲಾಗುವುದಿಲ್ಲ.

ಆ ವರ್ಷ ಮಾರ್ಚ್ 30ರಂದು ಯುಗಾದಿ, 31ರಂದು ಈದುಲ್ ಫಿತ್ರ್. ಯುಗಾದಿಯ ಮರುದಿನ ಈ ಸೀಮೆಯಲ್ಲಿ ಹೊಸತೊಡಕು. ಬಾಡೂಟವಿಲ್ಲದ ಮನೆ ಅಪರೂಪ. ಅಂದರೆ ಹೊಸತೊಡಕು ಮತ್ತು ಈದ್ ಒಂದೇ ದಿನ ಬಂದವು. 2022ರ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಅಭಿಯಾನ ರಾಜ್ಯದಲ್ಲಿ ಸದ್ದು ಮಾಡಿದ್ದು ನಮಗೆಲ್ಲ ನೆನಪಿದೆ. ಹಾಗಾಗಿ ಎರಡು ಪಾತ್ರೆ ಇಡಬೇಕೋ ಏನೋ ಎಂದು ಅಡುಗೆಯವರು ಹಿಂಜರಿಯುತ್ತಿದ್ದರು. ಮುದ್ದೆ ಬೇಡವೆಂದಿದ್ದ ಅದೇ ಅವ್ವ ತೀರ್ಪು ಕೊಟ್ಟರು: "ಯಾರ ಅಂಗ್ಡೀದಾದ್ರೇನವ್ವ, ಮೆತ್ತಗೆ ಬೆಂದಿದ್ರೆ ಸಾಕು. ನಂಗೆ ಹಲ್ಲಿಲ್ಲ." ನಮ್ಮ ಸಾಬರ ಅಂಗಡಿಯಿಂದ ಮಾಂಸ ಬಂತು, ಒಂದೇ ಪಾತ್ರೆಯಲ್ಲಿ ಬೆಂದಿತು. ಹಿಂದಿನ ದಿನ ಉಳಿದಿದ್ದ ಒಬ್ಬಟ್ಟು, ಆ ದಿನದ ಶೀರ್ ಖುರ್ಮಾ ಎರಡೂ ಎಲೆಗೆ ಬಿದ್ದವು. ಬೆಳ್ಳುಳ್ಳಿ ಬಿಡಿಸಿದ್ದು, ದ್ರಾಕ್ಷಿ ಗೋಡಂಬಿ ಆರಿಸಿದ್ದು ಅವರವರೇ.

ಅದೇ ವರ್ಷದ ಆಷಾಢದ ಜಿಟಿಜಿಟಿ ಮಳೆಯಲ್ಲಿ, ಹಿಂದೆ ಜಟಕಾ ಓಡಿಸುತ್ತಿದ್ದ ಚಾಚಾ ತೀರಿಕೊಂಡರು. ಹಿತ್ತಲಿನ ಸೊಪ್ಪಿನ ಪಾತಿಗಳು ಅವರವು. ಅವರಿಗೆ ಯಾರೂ ಇರಲಿಲ್ಲ. ಜಮಾಅತಿನ ಸಹೋದರರು ಬಂದು ಸ್ನಾನ ಮಾಡಿಸಿ, ಕಫನ್ ತೊಡಿಸಿ, ಜನಾಝಾ ನಮಾಝ್ ನೆರವೇರಿಸಿದರು. ಪಕ್ಕದ ಮಂಚದ ಗೌಡ ತಾತ ಆಟೋ ಹಿಡಿದು ಖಬರಸ್ತಾನದವರೆಗೂ ಹೋಗಿ, ಎಲ್ಲರ ಜೊತೆ ತಾವೂ ಮೂರು ಹಿಡಿ ಮಣ್ಣು ಹಾಕಿ ಬಂದರು. ಈಗ ಪಾತಿಗಳಿಗೆ ನೀರು ಬಿಡುವವರು ಅವರೇ.

ಆಶ್ರಮಕ್ಕೆ ಜನ ಬರುವ ಕಾಲಗಳೂ ಇವೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತೀರಿಹೋದ ತಂದೆ ತಾಯಿಯ ಹೆಸರಿನಲ್ಲಿ ಊಟ ಹಾಕಿಸುವವರ ಸಾಲು. ನಮ್ಮವರಿಂದ ಶಬೆ ಬರಾತ್ ಮತ್ತು ರಮಝಾನ್ ತಿಂಗಳಲ್ಲಿ ಸದಕಾ. ಅಕ್ಟೋಬರ್ 1, ವಿಶ್ವಸಂಸ್ಥೆ ಘೋಷಿಸಿದ ಹಿರಿಯರ ದಿನ, ಶಾಲು ಮತ್ತು ಹಣ್ಣಿನ ಬುಟ್ಟಿ. ಒಂದೇ ದಿನ ಮೂರು ಕಡೆಯವರು ಸಿಹಿ ತಂದು, ಸಕ್ಕರೆ ಕಾಯಿಲೆಯವರು ಸುಮ್ಮನೆ ನೋಡುತ್ತ ಕೂತದ್ದೂ ಉಂಟು. ಕೊಡುವವರ ಮನಸ್ಸು ದೊಡ್ಡದೇ. ಆದರೆ ಸಾಲಾಗಿ ಕೂರಿಸಿ, ಕೈಗೆ ಪೊಟ್ಟಣವಿಟ್ಟು, ಫೋಟೋ ತೆಗೆದು ಹೋದ ಮೇಲೆ ಆ ಕೈಗಳು ಮತ್ತೆ ಖಾಲಿ.

ಕಾನೂನು ತನ್ನ ಮಟ್ಟಿಗೆ ಒಳ್ಳೆಯದನ್ನೇ ಮಾಡಿದೆ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ 2007ರ ಪ್ರಕಾರ ನಿರ್ಲಕ್ಷಿತ ಪೋಷಕರು ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸುವ ಅವಕಾಶ ಅದರಲ್ಲಿದೆ. ನೋಡಿಕೊಳ್ಳಬೇಕೆಂಬ ಶರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದುಮಾಡಿಸಬಹುದು. ಹಿರಿಯರ ನೆರವಿಗೆ 14567 ಎಂಬ ಸಹಾಯವಾಣಿಯೂ ಇದೆ. ಇದನ್ನೆಲ್ಲ ನಾವು ಗೌಡ ತಾತನಿಗೆ ಓದಿ ಹೇಳಿದೆವು. ಮಗನಿಗೆ ಮನೆ ಬರೆದುಕೊಟ್ಟು ಬಂದವರು ಅವರು. "ಗೊತ್ತು ಕಣವ್ವ. ಮಗನ ಮ್ಯಾಲೆ ಕೇಸು ಹಾಕ್ದ ಅಂತ ಅನ್ನುಸ್ಕೊಂಡು ಸಾಯಾಕ್ಕೆ ಇಷ್ಟ ಇಲ್ಲ" ಎಂದರು. ಬೇಕಾದವರಿಗೆ ಆ ಕಾಯ್ದೆ ದೊಡ್ಡ ಆಸರೆ, ಅದನ್ನು ತಿಳಿಸಿಕೊಡುವುದು ನಮ್ಮ ಮಸೀದಿ, ಸಂಘಗಳ ಕರ್ತವ್ಯ. ಆದರೆ ಯಾವ ಕಾಯ್ದೆಯೂ ಮಗನ ಕೈಯಲ್ಲಿ ಅಪ್ಪನ ಸಲಹೆ ಕೇಳಿಸಲಾರದು.

ಹಾಗಾದರೆ ನಮ್ಮವರಲ್ಲಿ ವೃದ್ಧಾಶ್ರಮ ಬೇಕೋ ಬೇಡವೋ? ಈ ವಾದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ನಮ್ಮ ಮನೆಯಲ್ಲೇ ಇರುವ ದಾದಿ, ನಾನಿ, ಅಜ್ಜಿಯರಿಗೆ ಹತ್ತರಿಂದ ಒಂದರವರೆಗೆ ಏನು ಕೆಲಸವಿದೆ? "ನೀವು ಸುಮ್ಮನೆ ಕೂತ್ಕೊಳ್ಳಿ" ಎಂದು ಪ್ರೀತಿಯಿಂದಲೇ ಅವರ ಕೈಯಿಂದ ಮೊರ ಕಸಿದುಕೊಳ್ಳುತ್ತೇವೆ. ಮೊಮ್ಮಗಳ ಮದುವೆಯ ಮಾತುಕತೆಗೆ ಅವರನ್ನು ಕೊನೆಗೆ ಕರೆಯುತ್ತೇವೆ, ಅಥವಾ ಕರೆಯುವುದೇ ಇಲ್ಲ. ಹೆತ್ತವರನ್ನು ಮನೆಯಲ್ಲಿಟ್ಟುಕೊಂಡಿದ್ದೇವೆಂಬ ಹೆಮ್ಮೆಯ ಒಳಗೇ ಒಂದೊಂದು ಮನೆಯೂ ಒಬ್ಬರ ವೃದ್ಧಾಶ್ರಮವಾಗಿರಬಹುದು. ಆ ಸೂಕ್ತ ಬಾಯಿಯ ಉದ್ಗಾರವನ್ನಷ್ಟೇ ತಡೆಯಲು ಬಂದದ್ದಲ್ಲ. ಮುಂದುವರಿದು, ಅವರೊಡನೆ ಗೌರವದಿಂದ ಮಾತಾಡಬೇಕೆಂದೂ ಹೇಳುತ್ತದೆ. ಗೌರವವೆಂದರೆ ನಿಮ್ಮಿಂದ ಇನ್ನೂ ನಮಗೆ ಬೇಕಾದ್ದಿದೆ ಎಂದು ತಿಳಿಸುವುದೂ ಹೌದು.

ಯಾವುದಾದರೂ ಆಶ್ರಮಕ್ಕೆ ಹೋಗುವ ಓದುಗರಲ್ಲಿ ನಮ್ಮದೊಂದು ಕೋರಿಕೆ. ಊಟ ಕೊಡಿಸಿ, ಬೇಡವೆನ್ನುವುದಿಲ್ಲ. ಜೊತೆಗೆ ಆ ಕಾಲದ್ದೊಂದು ಕೆಲಸವನ್ನೂ ಒಯ್ಯಿರಿ: ಒಂದು ಚೀಲ ಅವರೆಕಾಯಿ, ನಾಲ್ಕು ಕೆ.ಜಿ. ಹುಣಸೆಹಣ್ಣು, ಸೊಪ್ಪಿನ ಬೀಜದ ಪೊಟ್ಟಣ. ನೀವೂ ಚಾಪೆಯ ಮೇಲೆ ಕೂತು ಬಿಡಿಸಿ. ಹೇಗೆ ಹಿತುಕಬೇಕೆಂದು ಅವರನ್ನು ಕೇಳಿ. ಬೈಸಿಕೊಳ್ಳಲು ಸಿದ್ಧರಾಗಿರಿ, ಖಾಲಾ ನಮ್ಮನ್ನು ಈಗಲೂ ಬೈಯುತ್ತಾರೆ. ಹೊರಡುವಾಗ ಅವರು ಕೊಡುವ ಒಂದು ಹಿಡಿ ಕಾಳನ್ನು ಬೇಡವೆನ್ನದೆ ಸೆರಗಿಗೆ ಹಾಕಿಸಿಕೊಳ್ಳಿ.